ಅಂದದ ಗೋಡೆ, ಮಗುವಿನ ಕೆಮ್ಮು

ಆಗಸ್ಟ್ ತಿಂಗಳ ಒಂದು ಸಂಜೆ. ಶಿವಮೊಗ್ಗದಲ್ಲಿ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಕ್ಲಿನಿಕ್ಕಿನ ಬೆಂಚಿನ ತುಂಬ ನೆಗಡಿ, ಜ್ವರದ ಮಕ್ಕಳು. ಅವರ ನಡುವೆ ಆರು ವರ್ಷದ ಒಬ್ಬ ಹುಡುಗಿ ಅಜ್ಜಿಯ ಮಡಿಲಿಗೆ ಒರಗಿ ಕುಳಿತಿದ್ದಳು. ಒಂದೂವರೆ ತಿಂಗಳಲ್ಲಿ ಅವಳು ನನ್ನ ಬಳಿ ಬಂದದ್ದು ಅದು ಮೂರನೆಯ ಸಲ. ಮೊದಲ ಸಲ ಮಳೆಗಾಲದ ಕೆಮ್ಮು ಎಂದು ಸಿರಪ್ ಬರೆದುಕೊಟ್ಟಿದ್ದೆ. ಎರಡನೆಯ ಸಲ ಎದೆಯಲ್ಲಿ ಸುಯ್ ಸುಯ್ ಸದ್ದು ಕೇಳಿಸಿತ್ತು. ನೆಬ್ಯುಲೈಸರ್ ಕೊಟ್ಟು, ಇನ್‌ಹೇಲರ್ ಬರೆದಿದ್ದೆ. ಆದರೂ ಕೆಮ್ಮು ಬಿಟ್ಟಿರಲಿಲ್ಲ.

'ಡಾಕ್ಟ್ರೇ, ಹಗಲೆಲ್ಲಾ ಆಡಿಕೊಂಡು ಚೆನ್ನಾಗೇ ಇರ್ತಾಳೆ. ರಾತ್ರಿ ಮಲಗಿ ಎರಡು ತಾಸಿಗೆ ಶುರುವಾಗುತ್ತೆ. ಬೆಳಗಿನ ಜಾವದವರೆಗೂ ಬಿಡೋದಿಲ್ಲ' ಎಂದರು ಅಜ್ಜಿ. ಆಮೇಲೆ ಏನೋ ನೆನಪಾದವರಂತೆ, 'ಪಂಚಮಿ ಹಬ್ಬಕ್ಕೆ ಸಾಗರದ ಹತ್ತಿರ ನಮ್ಮೂರಿಗೆ ಕರ್ಕೊಂಡು ಹೋಗಿದ್ದೆ. ನಾಲ್ಕು ರಾತ್ರಿ ಇದ್ವಿ. ಅಲ್ಲಿ ಇಲ್ಲಿಗಿಂತ ಜಾಸ್ತಿ ಮಳೆ, ಥಂಡಿ. ಮಗು ಒಂದು ಸಲಾನೂ ಕೆಮ್ಮಲಿಲ್ಲ ನೋಡಿ' ಎಂದರು.

ಎರಡು ಸಲವೂ ನಾನು ಕೇಳಬೇಕಾಗಿದ್ದ ಪ್ರಶ್ನೆಗೆ ಆ ಹಿರಿಯರು ತಾವಾಗಿಯೇ ಉತ್ತರ ಕೊಟ್ಟಿದ್ದರು. ಥಂಡಿಯಿಂದಲೇ ಕೆಮ್ಮು ಬರುವುದಾದರೆ ಸಾಗರದಲ್ಲಿ ಇನ್ನೂ ಹೆಚ್ಚು ಬರಬೇಕಿತ್ತು. ಊರು ಬಿಟ್ಟರೆ ಗುಣ, ಮನೆಗೆ ಬಂದರೆ ಕೆಮ್ಮು. ಅದೂ ರಾತ್ರಿಯ ಹೊತ್ತು. ಹಾಗಿದ್ದರೆ ಮಲಗುವ ಕೋಣೆಯಲ್ಲಿ ಏನೋ ಇರಬೇಕು. 'ಕೋಣೆಯಲ್ಲಿ ಈಚೆಗೆ ಏನಾದರೂ ಬದಲಾವಣೆ ಮಾಡಿದ್ದೀರಾ?' ಎಂದು ಕೇಳಿದೆ.

'ಸ್ಕೂಲು ಶುರುವಾಗೋ ಹೊತ್ತಿಗೆ ಅವಳಪ್ಪ ಅವಳಿಗೆ ಅಂತಲೇ ರೂಮು ಮಾಡಿಸಿದ್ದಾನಲ್ಲ. ಗೋಡೆಗೆಲ್ಲಾ ಹಲಗೆ ಹೊಡೆಸಿ, ಬಣ್ಣ ಕೊಡಿಸಿ ಅರಮನೆ ಥರಾ ಮಾಡಿದ್ದಾನೆ' ಎಂದರು ಅಜ್ಜಿ, ಅಭಿಮಾನದಿಂದಲೇ.

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಕೋಣೆ ನಿಜಕ್ಕೂ ಚೆಂದವಾಗಿತ್ತು. ಮಂಚದ ತಲೆಯ ಕಡೆಯ ಗೋಡೆಗೆ ನೆಲದಿಂದ ಸೂರಿನವರೆಗೆ ಗುಲಾಬಿ ಬಣ್ಣದ ಎಂಡಿಎಫ್ ಹಲಗೆ, ಅದರ ಮೇಲೆ ಪಟ್ಟಿ ಪಟ್ಟಿಯಾಗಿ ಕೆತ್ತನೆ, ನಡುವೆ ಮೋಡದ ಆಕಾರದ ದೀಪ. ಕಿಟಕಿ ಮುಚ್ಚಿತ್ತು. ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಸಣ್ಣ ಉರಿ, ಮೂಗಿಗೆ ಹೊಸ ಹಲಗೆಯ ಘಾಟು. ಅದರ ಕೆಳಗೆ ಇನ್ನೊಂದು ವಾಸನೆಯೂ ಇತ್ತು: ಹಳೆಯ ಪೆಟ್ಟಿಗೆ ತೆರೆದಾಗ ಬರುತ್ತದಲ್ಲ, ಆ ಮುಗ್ಗಲು ವಾಸನೆ. ಗೋಡೆಯ ಆಚೆಗೆ ಬಚ್ಚಲುಮನೆ ಇತ್ತು.

'ಪ್ಯಾನೆಲ್ ಹಾಕುವ ಮುಂಚೆ ಗೋಡೆ ಹೇಗಿತ್ತು?' ಎಂದು ತಂದೆಯನ್ನು ಕೇಳಿದೆ. ಅವರು ಸ್ವಲ್ಪ ತಡೆದು ಹೇಳಿದರು: 'ಕೆಳಗಡೆ ಬಣ್ಣ ಏಳ್ತಾ ಇತ್ತು ಸಾರ್. ಎಷ್ಟು ಸಲ ಬಳಿಸಿದ್ರೂ ನಿಲ್ಲಲಿಲ್ಲ. ಮುಚ್ಚಿಹೋಗ್ಲಿ ಅಂತಾನೇ ಪ್ಯಾನೆಲ್ ಹಾಕಿಸಿದ್ದು.'

ಬಡಗಿಯನ್ನು ಕರೆಸಿ ಕೆಳಗಿನ ಒಂದು ಹಲಗೆ ಬಿಚ್ಚಿಸಿದರು. ಹಲಗೆಯ ಹಿಂಭಾಗ ಊದಿಕೊಂಡಿತ್ತು. ಗೋಡೆಯ ಮೇಲೆ ಅಂಗೈ ಅಗಲದ ಕಪ್ಪು ಬೂಷ್ಟು ಒಂದರ ಪಕ್ಕ ಒಂದು ಹಬ್ಬಿತ್ತು. ಮಗುವಿನ ದಿಂಬು ಇದ್ದದ್ದು ಅಲ್ಲಿಂದ ಒಂದೂವರೆ ಅಡಿ ದೂರದಲ್ಲಿ.

ಆ ತಂದೆಯನ್ನು ದೂರಲು ನನಗೆ ಮನಸ್ಸು ಬರಲಿಲ್ಲ. ಅವರು ಬೆಳೆದದ್ದು ವಠಾರದ ಒಂದೇ ಕೋಣೆಯ ಮನೆಯಲ್ಲಿ. ಮಗಳಿಗಾದರೂ ಅವಳದೇ ಕೋಣೆ ಇರಲಿ ಎಂದು ಸಾಲ ಮಾಡಿ ಮಾಡಿಸಿದ್ದರು. ಇಂಥ ಆಸೆ ಇಂದು ಅನೇಕ ಮನೆಗಳಲ್ಲಿದೆ. ಆದ್ದರಿಂದಲೇ ಈ ವಾರ ಗೋಡೆಯ ವಿಷಯ.

ಮುಚ್ಚಿದ ತೇವ ಏನು ಮಾಡುತ್ತದೆ?

ಗೋಡೆಯ ತೇವ ಸಾಮಾನ್ಯವಾಗಿ ಮೂರು ದಾರಿಗಳಿಂದ ಬರುತ್ತದೆ. ಬಚ್ಚಲು ಅಥವಾ ನೀರಿನ ಕೊಳವೆಯ ಸೋರಿಕೆ ಒಂದು. ಹೊರಗೋಡೆಗೆ ಮಳೆ ಬಡಿದು ಒಳಕ್ಕೆ ಇಳಿಯುವುದು ಎರಡು. ನೆಲದಿಂದ ಗೋಡೆ ನೀರು ಹೀರಿಕೊಳ್ಳುವುದು ಮೂರು. ತೆರೆದ ಗೋಡೆಯಾದರೆ ಗಾಳಿ ಬಿಸಿಲಿಗೆ ಅಷ್ಟಿಷ್ಟು ಆರುತ್ತದೆ. ಕಲೆ ಕಣ್ಣಿಗೂ ಕಾಣುತ್ತದೆ. ಅದರ ಮೇಲೆ ಹಲಗೆ ಹೊಡೆದರೆ ಆರುವ ದಾರಿ ಮುಚ್ಚಿತು, ಕಾಣುವುದೂ ನಿಂತಿತು. ಕತ್ತಲು, ತೇವ, ತಿನ್ನಲು ಮರದ ಪುಡಿ. ಬೂಷ್ಟು ಬೆಳೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಬೂಷ್ಟು ಎನ್ನುವುದು ಶಿಲೀಂಧ್ರ. ಅದರ ಬೀಜಾಣುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಹಲಗೆಯ ಸಂದಿಯಿಂದ ಹೊರಬಂದು ಉಸಿರಿನೊಡನೆ ಶ್ವಾಸನಾಳ ಸೇರುತ್ತವೆ. ಅಲರ್ಜಿಯ ಗುಣವಿರುವ ಮಗುವಿನಲ್ಲಿ ಶ್ವಾಸನಾಳದ ಒಳಪದರ ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ಗಾಳಿಯ ದಾರಿ ಕಿರಿದಾಗಿ ಕೆಮ್ಮು, ಉಬ್ಬಸ, ಸುಯ್ ಎನ್ನುವ ಸದ್ದು ಶುರುವಾಗುತ್ತದೆ. ತೇವವಿರುವ ಮನೆಗಳಲ್ಲಿ ವಾಸಿಸುವವರಿಗೆ ಶ್ವಾಸದ ತೊಂದರೆಗಳು ಹೆಚ್ಚು, ಇರುವ ಅಸ್ತಮಾ ಇನ್ನಷ್ಟು ಕೆರಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಹಲಗೆಯ ಹಿಂದಿನ ಸಂದಿ ಜಿರಳೆಗಳಿಗೂ ಮನೆ. ಜಿರಳೆಯ ಹಿಕ್ಕೆ, ರೆಕ್ಕೆಯ ಪುಡಿ ಕೂಡ ಅಸ್ತಮಾ ಕೆರಳಿಸುತ್ತವೆ ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ.

ಕಣ್ಣುರಿಸುವ ಆ ಘಾಟು

ಇನ್ನು ಹೊಸ ಹಲಗೆಯ ವಾಸನೆ. ಎಂಡಿಎಫ್, ಪಾರ್ಟಿಕಲ್ ಬೋರ್ಡ್, ಪ್ಲೈವುಡ್ ಇವು ಇಡೀ ಮರವಲ್ಲ. ಮರದ ನಾರು, ಪುಡಿ ಅಥವಾ ತೆಳು ಪದರಗಳನ್ನು ಅಂಟು ಹಾಕಿ, ಬಿಸಿಯಲ್ಲಿ ಒತ್ತಿ ಮಾಡಿದವು. ಈ ಅಂಟಿನಲ್ಲಿ ಹೆಚ್ಚಾಗಿ ಬಳಸುವುದು ಯೂರಿಯಾ ಫಾರ್ಮಾಲ್ಡಿಹೈಡ್. ಹಲಗೆ ಗೋಡೆಗೆ ಏರಿದ ಮೇಲೂ ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತಲೇ ಇರುತ್ತದೆ. ಮೊದಲ ಕೆಲವು ತಿಂಗಳು ಹೆಚ್ಚು, ಆಮೇಲೆ ಕಡಿಮೆ. ಸೆಕೆ ಮತ್ತು ಗಾಳಿಯ ತೇವ ಎರಡೂ ಇದನ್ನು ಹೆಚ್ಚಿಸುತ್ತವೆ. ಅಂದರೆ ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಇನ್ನಷ್ಟು ಎಚ್ಚರ ಬೇಕು.

ಈ ಅನಿಲ ಸ್ವಲ್ಪವಿದ್ದರೂ ಸೂಕ್ಷ್ಮ ಪ್ರಕೃತಿಯವರಿಗೆ ಕಣ್ಣು ಉರಿ, ಮೂಗು ಸೋರುವುದು, ಗಂಟಲು ಕೆರೆತ ಬರುತ್ತವೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿತು. ಇದನ್ನು ಓದಿ ಗಾಬರಿಯಾಗಬೇಡಿ. ಆ ಪುರಾವೆ ಬಂದದ್ದು ಮುಖ್ಯವಾಗಿ ವರ್ಷಗಟ್ಟಲೆ ಕಾರ್ಖಾನೆ ಮುಂತಾದೆಡೆ ಹೆಚ್ಚಿನ ಪ್ರಮಾಣದಲ್ಲಿ ಉಸಿರಾಡಿದವರಿಂದ. ಮನೆಯೊಳಗಿನ ಗಾಳಿಯಲ್ಲಿ ಇದು ಘನ ಮೀಟರಿಗೆ 0.1 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2010ರ ಮಿತಿ.

ಅಮೆರಿಕದ ಒಂದು ನಿದರ್ಶನ ನೋಡಿ. 2005ರಲ್ಲಿ ಕತ್ರಿನಾ ಚಂಡಮಾರುತದಿಂದ ಮನೆ ಕಳೆದುಕೊಂಡವರಿಗೆ ಅಲ್ಲಿನ ಸರ್ಕಾರ ಗಾಲಿಯ ಮೇಲಿನ ತಾತ್ಕಾಲಿಕ ಮನೆಗಳನ್ನು ಕೊಟ್ಟಿತು. ಚಿಕ್ಕ ಜಾಗ, ಸುತ್ತ ಅಂಟಿನ ಹಲಗೆ. ಜನ ತಲೆನೋವು, ಉಸಿರಾಟದ ತೊಂದರೆ ಎಂದು ದೂರಿದರು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 519 ಮನೆಗಳ ಗಾಳಿ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಹೇಳಿತು. ಸರಾಸರಿ ಫಾರ್ಮಾಲ್ಡಿಹೈಡ್ ನೂರು ಕೋಟಿ ಭಾಗಕ್ಕೆ 77 ಭಾಗ. ಕೆಲವು ಮನೆಗಳಲ್ಲಿ ಅದರ ಹಲವು ಪಟ್ಟು. ಆ ಪರೀಕ್ಷೆ ನಡೆದದ್ದು ಚಳಿಗಾಲದಲ್ಲಿ. ಬೇಸಿಗೆ ಬಂದರೆ ಪ್ರಮಾಣ ಏರುತ್ತದೆ, ಅಷ್ಟರೊಳಗೆ ಜನರನ್ನು ಬೇರೆಡೆಗೆ ಸಾಗಿಸಬೇಕು ಎಂದು ಕೇಂದ್ರ ಸಲಹೆ ಮಾಡಿತು. ನಮ್ಮ ಮನೆಗಳು ಅಷ್ಟು ಚಿಕ್ಕವಲ್ಲ. ಆದರೆ ಕಿಟಕಿ ಮುಚ್ಚಿ, ಏಸಿ ಹಾಕಿ ಮಲಗಿಸಿದ ಹತ್ತಡಿಯ ಕೋಣೆಗೂ ಆ ಗಾಲಿಮನೆಗೂ ಬಹಳ ವ್ಯತ್ಯಾಸವಿಲ್ಲ.

ಹಲಗೆಯ ಜೊತೆಗೆ ಮೈಕಾ ಅಂಟಿಸುವ ರಬ್ಬರ್ ಅಂಟು, ಪಾಲಿಶ್, ಥಿನ್ನರ್‌ಗಳ ಆವಿಯೂ ಸೇರುತ್ತದೆ. ಇವು ಬೇಗ ಆರುತ್ತವೆ. ಆದರೆ ಮೊದಲ ಕೆಲವು ದಿನ ತಲೆನೋವು, ವಾಕರಿಕೆ ತರಲು ಅವೂ ಸಾಕು.

ಮಕ್ಕಳಿಗೇ ಏಕೆ ಹೆಚ್ಚು?

'ಅದೇ ಮನೆಯಲ್ಲಿ ನಾವೂ ಇದ್ದೇವೆ, ನಮಗೇನೂ ಆಗಲಿಲ್ಲವಲ್ಲ' ಎಂದು ತಂದೆ ತಾಯಿ ಕೇಳುವುದುಂಟು. ಮಗು ತನ್ನ ತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಅದರ ಶ್ವಾಸನಾಳ ಕಿರಿದು. ಸ್ವಲ್ಪ ಊದಿಕೊಂಡರೂ ದಾರಿ ಬಹಳ ಕಟ್ಟಿಕೊಳ್ಳುತ್ತದೆ. ಜೊತೆಗೆ ರಾತ್ರಿ ಒಂಬತ್ತು ಹತ್ತು ತಾಸು ಅದೇ ಕೋಣೆಯಲ್ಲಿ ಮಲಗುತ್ತದೆ.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಅಧ್ಯಯನ ಮಾಡಿ ಪ್ರಕಟಿಸಿದ ಅಂಕಿಗಳಲ್ಲಿ, 1979ರಲ್ಲಿ ಶೇ. 9ರಷ್ಟಿದ್ದ ಅಸ್ತಮಾ 1999ರಲ್ಲಿ ಶೇ. 29.5ಕ್ಕೆ ಏರಿತ್ತು. ಇದಕ್ಕೆ ಗೋಡೆಯ ಹಲಗೆ ಕಾರಣವೆಂದು ನಾನು ಹೇಳುತ್ತಿಲ್ಲ. ವಾಹನಗಳ ಹೊಗೆ, ದೂಳು, ನಗರ ಬೆಳೆದ ರೀತಿ ಎಲ್ಲವೂ ಸೇರಿವೆ. ಆದರೆ ಶ್ವಾಸನಾಳ ಸೂಕ್ಷ್ಮವಾಗಿರುವ ಮಕ್ಕಳು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದಕ್ಕೆ ಇದು ಸೂಚನೆ.

ಬಡಗಿಯನ್ನು ಕರೆಯುವ ಮುನ್ನ

ಪ್ಯಾನೆಲ್ ಹಾಕಿಸಲೇಬಾರದು ಎಂದು ನನ್ನ ವಾದವಲ್ಲ. ಗೋಡೆ ನೋಡಿ ಹಾಕಿಸಿ ಎಂದಷ್ಟೇ ಹೇಳುತ್ತೇನೆ.

ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಒಂದಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆ, ನೀರ ಹನಿ ನಿಂತಿದ್ದರೆ ತೇವ ಗೋಡೆಯಿಂದಲೇ ಬರುತ್ತಿದೆ. ಹೊರಬದಿಯಲ್ಲಿ ಹನಿ ಇದ್ದರೆ ಕೋಣೆಯ ಗಾಳಿಯಲ್ಲೇ ತೇವ ಹೆಚ್ಚು. ಗಾಳಿಯಾಡುವ ವ್ಯವಸ್ಥೆ ಮಾಡಿಸಬೇಕು. ಈ ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿದರೆ ಒಳ್ಳೆಯದು. ಬೇಸಿಗೆಯಲ್ಲಿ ಎಲ್ಲ ಗೋಡೆಗಳೂ ಸಾಚಾ ಆಗಿ ಕಾಣುತ್ತವೆ.

ಬಣ್ಣ ಏಳುವುದು, ಬಿಳಿ ಉಪ್ಪಿನಂಥ ಪುಡಿ ಕಾಣಿಸುವುದು, ಗಾರೆ ಉದುರುವುದು ಇವೆಲ್ಲ ಗೋಡೆ ಹೇಳುತ್ತಿರುವ ಮಾತು. ಮೊದಲು ಸೋರಿಕೆ ಸರಿಪಡಿಸಿ, ಗಾರೆ ಒಣಗಲು ಬಿಡಿ. ಹೊಸದಾಗಿ ಕಟ್ಟಿದ ಮನೆಯಾದರೆ ಒಂದು ಬೇಸಿಗೆ ಕಳೆಯುವವರೆಗೆ ಯಾವ ಗೋಡೆಯನ್ನೂ ಮುಚ್ಚಬೇಡಿ.

ಹಳೆಯ ಮನೆಯಾದರೆ ಇನ್ನೊಂದು ಎಚ್ಚರ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎಣ್ಣೆ ಬಣ್ಣವನ್ನು ಒಣದಾಗಿ ಉಜ್ಜಿ ತೆಗೆದರೆ ದೂಳಿನಲ್ಲಿ ಸೀಸ ಇರಬಹುದು. ಸೀಸ ಮಗುವಿನ ಮಿದುಳಿನ ಬೆಳವಣಿಗೆಗೆ ಕೆಡುಕು. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲ. ಉಜ್ಜುವ ಕೆಲಸ ನಡೆಯುವಾಗ ಮಕ್ಕಳನ್ನೂ ಬಸುರಿಯರನ್ನೂ ಮನೆಯಿಂದ ದೂರವಿಡಿ. ಗೋಡೆ ಒದ್ದೆ ಮಾಡಿ ಉಜ್ಜಿಸಿ, ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ.

ಹಲಗೆ ಆರಿಸುವಾಗ

ಅಂಗಡಿಯಲ್ಲಿ ಬಣ್ಣ, ವಿನ್ಯಾಸ ಕೇಳುವಂತೆ ಅಂಟಿನ ಬಗೆಯನ್ನೂ ಕೇಳಿ. ಹಲಗೆಯ ಮೇಲೆ ಇ-1 ಅಥವಾ ಇ-0 ಎಂಬ ಗುರುತು ಇದ್ದರೆ ಫಾರ್ಮಾಲ್ಡಿಹೈಡ್ ಕಡಿಮೆ ಎಂದರ್ಥ. ಐಎಸ್ 710 ಗುರುತಿನ ಮರೈನ್ ಪ್ಲೈವುಡ್‌ನಲ್ಲಿ ಬಳಸುವ ಫಿನಾಲಿಕ್ ಅಂಟು ನೀರಿಗೂ ತಡೆಯುತ್ತದೆ, ಅನಿಲವನ್ನೂ ಕಡಿಮೆ ಬಿಡುತ್ತದೆ. ಯಾವ ಹಲಗೆಯಾದರೂ ಎದುರಿಗೆ ಮಾತ್ರವಲ್ಲದೆ ಹಿಂಬದಿ ಮತ್ತು ಕತ್ತರಿಸಿದ ಅಂಚುಗಳನ್ನೂ ಮುಚ್ಚಿಸಿ. ಅನಿಲ ಹೆಚ್ಚಾಗಿ ನುಸುಳುವುದು ಅಂಚಿನಿಂದಲೇ.

ಪಟ್ಟಿ ಪಟ್ಟಿಯ ಲೂವರ್, ಚಾರ್ಕೋಲ್ ಪ್ಯಾನೆಲ್ ಎಂದು ಮಾರುವವು ಈಗ ಹೆಚ್ಚು ಬಳಕೆಯಲ್ಲಿವೆ. ಇದ್ದಿಲು ಎಂಬ ಹೆಸರು ಕೇಳಿ ಗಾಳಿ ಶುದ್ಧ ಮಾಡುತ್ತವೆ ಎಂದುಕೊಳ್ಳಬೇಡಿ; ಹೆಚ್ಚಿನವು ಪ್ಲಾಸ್ಟಿಕ್ ಜಾತಿಯವೇ. ಅವುಗಳ ಗೀರುಗಳಲ್ಲಿ ದೂಳು ಕೂರುತ್ತದೆ. ಅಸ್ತಮಾ ಇರುವ ಮಗುವಿನ ಕೋಣೆಗೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ನುಣುಪು ಹಲಗೆಯೇ ಲೇಸು. ಅಂಟಿಸುವ ಫೋಮ್ ಹಾಳೆಗಳನ್ನು ಪುಟ್ಟ ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ಅವು ಬೆಂಕಿಯನ್ನೂ ಬೇಗ ಹಿಡಿಯುತ್ತವೆ. ವಿದ್ಯುತ್ ತಂತಿಯ ಜೋಡಣೆ ಯಾವುದನ್ನೂ ಹಲಗೆಯ ಹಿಂದೆ ಹುದುಗಿಸಬೇಡಿ.

ಇಡೀ ಕೋಣೆ ಮುಚ್ಚುವ ಬದಲು ಒಂದು ಒಣ ಗೋಡೆಗೆ ಮಾತ್ರ, ಅದೂ ಮಂಚದ ತಲೆಯ ಕಡೆ ಬಿಟ್ಟು ಹಾಕಿಸಿದರೆ ಅಂದವೂ ಆಯಿತು, ಖರ್ಚೂ ಉಳಿಯಿತು. ಕೆಲಸವನ್ನು ಬೇಸಿಗೆಯ ಮೊದಲಲ್ಲೇ ಮುಗಿಸಿ. ಮುಗಿದ ಮೇಲೆ ಕನಿಷ್ಠ ಒಂದು ತಿಂಗಳು ಕಿಟಕಿ ತೆರೆದಿಟ್ಟು, ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ ಎಂದು ನಾನು ಹೇಳುತ್ತೇನೆ. ಹುಟ್ಟಲಿರುವ ಮಗುವಿಗಾಗಿ ಕೋಣೆ ಸಿಂಗರಿಸುವವರು ಇದನ್ನು ಕೊನೆಯ ತಿಂಗಳಿಗೆ ಉಳಿಸಿಕೊಳ್ಳಬಾರದು.

ಹಾಕಿಸಿಯಾಗಿದೆ, ಈಗೇನು?

ಬೆಳಿಗ್ಗೆ ಸಂಜೆ ಎದುರುಬದುರು ಕಿಟಕಿ ಬಾಗಿಲು ತೆರೆದು ಗಾಳಿ ಆಡಿಸಿ. ರೂಮ್ ಫ್ರೆಶ್ನರ್ ವಾಸನೆಯನ್ನು ಮರೆಸುತ್ತದೆಯೇ ಹೊರತು ಅನಿಲವನ್ನು ತೆಗೆಯುವುದಿಲ್ಲ. ಒಂದೆರಡು ಕುಂಡದ ಗಿಡಗಳಿಂದಲೂ ಕೋಣೆಯ ಗಾಳಿ ಶುದ್ಧವಾಗದು. 1989ರಲ್ಲಿ ನಾಸಾ ಪ್ರಕಟಿಸಿದ ಪ್ರಯೋಗ ನಡೆದದ್ದು ಸಣ್ಣ ಮುಚ್ಚಿದ ಪೆಟ್ಟಿಗೆಗಳಲ್ಲಿ, ಮನೆಗಳಲ್ಲಲ್ಲ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿಯನ್ನಂತೂ ಹಚ್ಚಬೇಡಿ. ಒಂದು ಬತ್ತಿ ಪೂರ್ತಿ ಉರಿದಾಗ 51 ಸಿಗರೇಟಿನಷ್ಟು ಫಾರ್ಮಾಲ್ಡಿಹೈಡ್ ಬರಬಹುದು ಎಂದು 2003ರ ಒಂದು ಅಧ್ಯಯನ ತೋರಿಸಿತ್ತು. ಸೊಳ್ಳೆ ಪರದೆ ಇದ್ದರೆ ಸಾಕು.

ದಿನವೂ ಅದೇ ಕೋಣೆಯಲ್ಲಿರುವ ನಮ್ಮ ಮೂಗಿಗೆ ವಾಸನೆ ಒಗ್ಗಿಹೋಗಿರುತ್ತದೆ. ಊರಿಂದ ಬಂದ ನೆಂಟರನ್ನು ಕೇಳಿ, ಅವರು ನಿಜ ಹೇಳುತ್ತಾರೆ. ಮುಗ್ಗಲು ವಾಸನೆ ಇದೆ ಎಂದರೆ ಕೆಳಗಿನ ಒಂದು ಹಲಗೆ ಬಿಚ್ಚಿಸಿ ನೋಡಿ. ಬೂಷ್ಟು ಕಂಡರೆ ಬ್ಲೀಚಿಂಗ್ ಒರೆಸಿ ಮತ್ತೆ ಮುಚ್ಚಿದರೆ ಪ್ರಯೋಜನವಿಲ್ಲ. ನೀರಿನ ಮೂಲ ನಿಲ್ಲುವವರೆಗೆ ಅದು ಮರಳಿ ಬರುತ್ತದೆ. ನೆನೆದು ಊದಿಕೊಂಡ ಎಂಡಿಎಫ್ ಮತ್ತೆ ಬಳಕೆಗೆ ಬಾರದು, ಎಸೆಯಬೇಕು.

ವೈದ್ಯರಿಗೆ ಏನು ಹೇಳಬೇಕು?

ಮಕ್ಕಳ ಕೆಮ್ಮಿಗೆ ಸಾಮಾನ್ಯ ಕಾರಣ ವೈರಸ್ ನೆಗಡಿಯೇ. ಅದು ಎರಡು ಮೂರು ವಾರಗಳಲ್ಲಿ ಗುಣವಾಗುತ್ತದೆ. ಮತ್ತೆ ಮತ್ತೆ ಬರುವ ರಾತ್ರಿ ಕೆಮ್ಮಾದರೆ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಬಂತು, ಯಾವ ಕೋಣೆಯಲ್ಲಿ ಮಲಗಿದ್ದು, ಬೇರೆ ಊರಿಗೆ ಹೋದಾಗ ಏನಾಯಿತು, ಮನೆಯಲ್ಲಿ ಹೊಸದೇನು ಬಂತು. ಈ ಒಂದು ಹಾಳೆ ಕೆಲವೊಮ್ಮೆ ಎಕ್ಸ್‌ರೇಗಿಂತ ಹೆಚ್ಚು ಹೇಳುತ್ತದೆ.

ಮಗು ಒಂದು ವಾಕ್ಯ ಪೂರ್ತಿ ಹೇಳಲಾರದಷ್ಟು ಏದುಸಿರು ಬಿಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಅಥವಾ ಮಂಕಾಗಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗೋಡೆ ಸರಿಯಾಯಿತೆಂದು ವೈದ್ಯರನ್ನು ಕೇಳದೆ ಇನ್‌ಹೇಲರ್ ನಿಲ್ಲಿಸಬೇಡಿ.

ಆ ಹುಡುಗಿಯ ಮನೆಯಲ್ಲಿ ಅದೇ ವಾರ ಹಲಗೆಗಳನ್ನೆಲ್ಲ ತೆಗೆಸಿದರು. ಬಚ್ಚಲಿನ ಕೊಳವೆ ಬದಲಾಯಿಸಿ, ಗಾರೆ ಕೆತ್ತಿ, ಸಂಕ್ರಾಂತಿಯವರೆಗೆ ಗೋಡೆಯನ್ನು ಹಾಗೆಯೇ ಬಿಟ್ಟರು. ಅಷ್ಟು ದಿನ ಅವಳು ಅಜ್ಜಿಯ ಕೋಣೆಯಲ್ಲಿ ಮಲಗಿದಳು. ಮೂರನೆಯ ವಾರಕ್ಕೆ ರಾತ್ರಿ ಕೆಮ್ಮು ಬಹುತೇಕ ನಿಂತಿತು. ಅವಳಿಗೆ ಅಸ್ತಮಾದ ಗುಣ ಇದ್ದೇ ಇದೆ, ಇನ್‌ಹೇಲರ್ ಮುಂದುವರಿದಿದೆ. ಆದರೆ ಪ್ರಮಾಣ ಅರ್ಧಕ್ಕೆ ಇಳಿದಿದೆ.

ಕಳೆದ ತಿಂಗಳು ತಪಾಸಣೆಗೆ ಬಂದಾಗ, ಕೋಣೆಯ ಅಂದ ಹೋಯಿತೆಂದು ಬೇಸರವೇ ಎಂದು ಕೇಳಿದೆ. ಈಗ ಗೋಡೆಗೆ ಬರೀ ತಿಳಿ ಹಳದಿ ಬಣ್ಣವಂತೆ. ಅಪ್ಪ ಒಂದು ದಾರ ಕಟ್ಟಿಕೊಟ್ಟಿದ್ದಾರೆ, ಅದಕ್ಕೆ ತಾನು ಬರೆದ ಚಿತ್ರಗಳನ್ನು ಕ್ಲಿಪ್ಪು ಹಾಕಿ ತೂಗುಬಿಡುತ್ತಾಳಂತೆ. ಮೋಡದ ದೀಪ ಮಾತ್ರ ಹಾಗೇ ಇದೆ ಎಂದಳು.

ಮಗುವಿನ ಕೋಣೆ ಚೆಂದವಾಗಿರಲಿ, ಬೇಡವೆನ್ನುವವರು ಯಾರು? ಆದರೆ ಗೋಡೆಯಲ್ಲಿ ಕಲೆ ಕಂಡಾಗ ಅದನ್ನು ಮುಚ್ಚುವ ಮೊದಲು ಅದು ಏಕೆ ಬಂತೆಂದು ಕೇಳಿಕೊಳ್ಳಿ. ಕೆಮ್ಮಿಗೆ ಬರೀ ಸಿರಪ್ ಬರೆದ ನಾನೂ ಅಂದು ಕೇಳಬೇಕಾಗಿದ್ದ ಪ್ರಶ್ನೆ ಅದೇ.